ಕೋಸ್ಟರ್ ಬರಲಿ, ಆದರೆ ಹಳೇ ರೈಡ್ ಕೆಡವುವ ಮೊದಲು ಒಂದು ಲೆಕ್ಕ ಹಾಕಿ

ಥೀಮ್ ಪಾರ್ಕಿನಲ್ಲಿ ಹಳೆಯ ರೈಡ್ ಒಂದನ್ನು ಮುಚ್ಚುತ್ತಾರಂತೆ ಎಂಬ ಸುದ್ದಿ ಬಂದರೆ ಸಾಕು, ಜನ ಎರಡು ಪಾರ್ಟಿ ಆಗಿಬಿಡುತ್ತಾರೆ. ಒಬ್ಬರು ‘ನಮ್ಮ ಬಾಲ್ಯವೇ ಹೋಯ್ತು’ ಅಂತ ಗೋಳಾಡಿದರೆ, ಇನ್ನೊಬ್ಬರು ‘ಧೂಳು ಹಿಡಿದ ಬೊಂಬೆ ಯಾರಿಗೆ ಬೇಕ್ರೀ, ರೋಲರ್ ಕೋಸ್ಟರ್ ಹಾಕಲಿ’ ಅನ್ನುತ್ತಾರೆ. ಆ ರೈಡ್ ಗಂಟೆಗೆ ಎಷ್ಟು ಜನರನ್ನು ಹತ್ತಿಸಿ ಇಳಿಸುತ್ತಿತ್ತು ಅಂತ ಮಾತ್ರ ಇಬ್ಬರೂ ಕೇಳುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ.

ಡಾರ್ಕ್ ರೈಡ್ ಅಂದರೆ ಕತ್ತಲೆಯ ಕಟ್ಟಡದೊಳಗೆ ಬಂಡಿಯಲ್ಲಿ ಕೂತು ಬೊಂಬೆ, ದೃಶ್ಯ ನೋಡುತ್ತಾ ಸಾಗುವ ರೈಡ್. ಅದರಲ್ಲಿ ಬಂಡಿಗಳನ್ನು ಸರಪಳಿಯಂತೆ ಕೋದು, ನಿಲ್ಲದೆ ಓಡಿಸುವ ಬಗೆಯನ್ನು ತಗೊಳ್ಳಿ. ಡಿಸ್ನಿಯವರು 1967ರಲ್ಲಿ ಶುರು ಮಾಡಿದ ಈ ಪದ್ಧತಿಗೆ ಆಮ್ನಿಮೂವರ್ ಅಂತ ಹೆಸರು. 1969ರ ಹಾಂಟೆಡ್ ಮ್ಯಾನ್ಷನ್ ಎಂಬ ದೆವ್ವದ ಮನೆ ರೈಡ್ ಇವತ್ತಿಗೂ ಅದರ ಮೇಲೇ ನಡೆಯುತ್ತದೆ. ಬಂಡಿಯ ವೇಗದಲ್ಲೇ ಸರಿಯುವ ಬೆಲ್ಟ್ ಮೇಲೆ ಹೆಜ್ಜೆ ಇಟ್ಟು, ಪಕ್ಕಕ್ಕೆ ಸರಿದು ಕೂತುಬಿಟ್ಟರೆ ಮುಗಿಯಿತು. ಮೂರು ಸೆಕೆಂಡಿಗೆ ಇಬ್ಬರ ಒಂದು ಬಂಡಿ ಅಂತ ಹಿಡಿದರೆ ಗಂಟೆಗೆ 1,200 ಬಂಡಿ, 2,400 ಸೀಟು. ಇದರಲ್ಲೂ ಕೊರತೆ ಇದೆ. ಕೋಲೂರಿ ಬಂದ ಒಬ್ಬರನ್ನು ಹತ್ತಿಸಬೇಕೆಂದರೆ ಇಡೀ ಸರಪಳಿಯನ್ನೇ ನಿಧಾನ ಮಾಡಬೇಕು, ಒಂದು ಕಡೆ ಸಿಕ್ಕಿಕೊಂಡರೆ ಎಲ್ಲರೂ ಕತ್ತಲಲ್ಲಿ ಕೂತಿರಬೇಕು. ಆದರೂ ಅಷ್ಟು ಜನರನ್ನು ನುಂಗುವ ಯಂತ್ರ ಪಾರ್ಕಿನಲ್ಲಿ ಬೇರೆ ಸಿಗುವುದು ಕಷ್ಟ.

ಇನ್ನು ಕೋಸ್ಟರ್. 24 ಸೀಟಿನ ರೈಲು ನಿಲ್ದಾಣಕ್ಕೆ ಬರುತ್ತದೆ. ಇಳಿಯುವವರು ಒಂದು ಕಡೆಯಿಂದ ಇಳಿಯುತ್ತಾರೆ, ಹತ್ತುವವರಿಗೆ ಇನ್ನೊಂದು ಕಡೆಯ ಗೇಟು ತೆರೆಯುತ್ತದೆ. ಯಾರದೋ ಜೇಬಿನಲ್ಲಿ ಮೊಬೈಲ್, ಯಾರದೋ ಬೆನ್ನಿನ ಮೇಲೆ ಬ್ಯಾಗು. ಇಬ್ಬರು ಆಪರೇಟರ್‌ಗಳು ಎರಡು ಬದಿಯಿಂದ ತೊಡೆಯ ಮೇಲೆ ಅದುಮಿ ಹಿಡಿಯುವ ಲ್ಯಾಪ್ ಬಾರ್ ಒಂದೊಂದನ್ನೇ ಒತ್ತಿ, ಎಳೆದು ನೋಡುತ್ತಾ ಬಂದು ಹೆಬ್ಬೆರಳು ಎತ್ತಿದ ಮೇಲೆಯೇ ರೈಲು ಹೊರಡುವುದು. 75 ಸೆಕೆಂಡಿಗೆ ಒಂದರಂತೆ ಬಿಟ್ಟರೆ ಗಂಟೆಗೆ 48 ರೈಲು, 1,152 ಜನ. ದಪ್ಪಗಿರುವ ಒಬ್ಬರ ಬಾರ್ ಲಾಕ್ ಆಗದೆ, ಮತ್ತೆ ಎತ್ತಿ ಮತ್ತೆ ಇಳಿಸುವಷ್ಟರಲ್ಲಿ ಎರಡು ನಿಮಿಷ ಕಳೆದಿರುತ್ತದೆ. ಪ್ರತಿಸಲವೂ ಹಾಗೇ ಆದರೆ ಗಂಟೆಗೆ 30 ರೈಲು, 720 ಜನ. ಟ್ರ್ಯಾಕನ್ನು ಬ್ಲಾಕ್‌ಗಳಾಗಿ ಭಾಗ ಮಾಡಿ, ಒಂದು ಬ್ಲಾಕಿನಲ್ಲಿ ಒಂದೇ ರೈಲು ಅಂತ ಕಟ್ಟುನಿಟ್ಟು ಮಾಡಿರುವುದರಿಂದ, ಮುಂದಿನದು ಹೊರಡದಿದ್ದರೆ ಹಿಂದಿನದು ಬ್ರೇಕ್ ಮೇಲೆ ಕಾಯುತ್ತಾ ನಿಲ್ಲುತ್ತದೆ. ಹೆಚ್ಚು ರೈಲು ತಂದು ಸೇರಿಸಿದರೂ ಪ್ರಯೋಜನವಿಲ್ಲ.

ಕಾಗದದ ಮೇಲೆ ಮೂರು ರೈಲು ಇದ್ದರೂ ವರ್ಷವಿಡೀ ಮೂರೂ ಓಡುವುದಿಲ್ಲ. ಒಂದೊಂದು ಬೋಗಿಗೂ ಮೂರು ಬಗೆಯ ಗಾಲಿ: ಭಾರ ಹೊರಲು ಮೇಲೊಂದು, ಪಕ್ಕಕ್ಕೆ ಜಾರದಂತೆ ಬದಿಯಲ್ಲೊಂದು, ರೈಲು ಹಳಿ ಬಿಟ್ಟು ಏಳದಂತೆ ಅಡಿಯಲ್ಲೊಂದು. ಅವುಗಳ ಪಾಲಿಯುರೆಥೇನ್ ಟೈರ್ ಬಿಸಿಲಿಗೆ, ವೇಗಕ್ಕೆ ಕಾದು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಚಳಿಯ ಬೆಳಿಗ್ಗೆ ಗ್ರೀಸ್ ಗಟ್ಟಿಯಾಗಿ, ಎದುರುಗಾಳಿಯೂ ಸೇರಿಬಿಟ್ಟರೆ ರೈಲು ಮುಂದಿನ ದಿಬ್ಬ ಹತ್ತಲಾರದೆ ತಗ್ಗಿನಲ್ಲೇ ನಿಂತುಬಿಡುವುದುಂಟು. ಜನರನ್ನು ಕೂರಿಸುವ ಮುಂಚೆ ಖಾಲಿ ರೈಲು ಓಡಿಸಿ ನೋಡುವುದು ಅದಕ್ಕೇ. ಇದರ ಜೊತೆಗೆ ಆಗಾಗ ಒಂದು ರೈಲನ್ನು ಪೂರ್ತಿ ಬಿಚ್ಚಿ, ಆಕ್ಸಲ್‌ಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಇದೆಯೇ ಅಂತ ಪರೀಕ್ಷೆ ಮಾಡಬೇಕು. ಓಡುವುದು ಒಂದೇ ರೈಲು ಅಂತಾದರೆ, ಸುತ್ತು ಮತ್ತು ಹತ್ತಿ ಇಳಿಯುವುದು ಸೇರಿ ನಾಲ್ಕು ನಿಮಿಷ, ಗಂಟೆಗೆ 360 ಜನ. ಮೇಲಕ್ಕೇರಿಸಿ ಒಮ್ಮೆಲೇ ಬೀಳಿಸುವ ಡ್ರಾಪ್ ಟವರ್ ಸ್ಥಿತಿ ಇನ್ನೂ ಬಡಪಾಯಿ. 12 ಸೀಟು, ಮೂರು ನಿಮಿಷ, ಗಂಟೆಗೆ 240.

ಈಗ ಕಳೆದು ನೋಡಿ. 2,400 ಸೀಟು ಕೆಡವಿ ಸುಮಾರು 1,100 ಸೀಟು ಕಟ್ಟಿದರೆ ಗಂಟೆಗೆ 1,300 ಜನ ಉಳಿದ ಕ್ಯೂಗಳಿಗೆ ಹೋಗಿ ಸೇರುತ್ತಾರೆ. ಹತ್ತು ಗಂಟೆಯ ದಿನಕ್ಕೆ 13,000 ಸವಾರಿ ಖೋತಾ. ಹೊಸ ರೈಡ್ ಜಾಹೀರಾತು ನೋಡಿ ಜಾಸ್ತಿ ಜನ ಬರುತ್ತಾರೆ ಅನ್ನುವುದು ನಿಜವೇ. ಜನ ಜಾಸ್ತಿ, ಸೀಟು ಕಡಿಮೆ! ಆಮೇಲೆ ‘ಪಾರ್ಕಿನಲ್ಲಿ ಬರೀ ನಿಲ್ಲುವುದೇ ಆಯ್ತು’ ಅಂತ ಬೈಯುವವರಲ್ಲಿ ಕೋಸ್ಟರ್ ಕೇಳಿದವರೂ ಇರುತ್ತಾರೆ.

ಇದರ ಮೇಲೆ ಎತ್ತರ ಅಳೆದು ಒಳಗೆ ಬಿಡುವ ಕೋಲಿನ ಕಾಟ ಬೇರೆ. ದೊಡ್ಡ ಕೋಸ್ಟರ್‌ಗಳಿಗೆ ಸಾಮಾನ್ಯವಾಗಿ 122ರಿಂದ 137 ಸೆಂ.ಮೀ. ಬೇಕು. 122 ಮುಟ್ಟುವ ಹೊತ್ತಿಗೆ ಮಗುವಿಗೆ ಏಳು ವರ್ಷವಾದರೂ ಆಗಿರುತ್ತದೆ. ಬಸುರಿಯರು, ಬೆನ್ನುನೋವಿನವರು, ಹೃದಯದ ತೊಂದರೆಯವರು ಹೇಗೂ ಹೊರಗೆ. ಐದು ವರ್ಷದ ಮಗು, ಅಪ್ಪ ಅಮ್ಮ, ಅಜ್ಜಿ ನಾಲ್ವರೂ ಒಟ್ಟಿಗೆ ಕೂರುತ್ತಿದ್ದ ಜಾಗದಲ್ಲಿ ಈಗ ಒಬ್ಬರು ಕ್ಯೂನಲ್ಲಿ, ಮೂವರು ಬೆಂಚಿನ ಮೇಲೆ. ಮಳೆ, ಸಿಡಿಲು, ಜೋರು ಗಾಳಿ ಬಂದರೆ ಹೊರಗಿನ ಕೋಸ್ಟರ್ ನಿಲ್ಲುತ್ತದೆ. ಆಗ ಜನ ಓಡಿ ನುಗ್ಗುತ್ತಿದ್ದದ್ದು ಅದೇ ಕೆಡವಿದ ಡಾರ್ಕ್ ರೈಡ್‌ನ ಸೂರಿನಡಿಗೆ.

ಎಪ್‌ಕಾಟ್ ಉದಾಹರಣೆ ನೋಡಿ. ಫ್ಲಾರಿಡಾದಲ್ಲಿರುವ ಈ ಡಿಸ್ನಿ ಪಾರ್ಕಿನ ಹೊರೈಜನ್ಸ್ ಎಂಬ ನಿಧಾನದ ಡಾರ್ಕ್ ರೈಡ್ 1999ರಲ್ಲಿ ಮುಚ್ಚಿತು, ಕಟ್ಟಡ ಕೆಡವಿದ ಜಾಗದಲ್ಲಿ 2003ಕ್ಕೆ ಮಿಷನ್ ಸ್ಪೇಸ್ ಬಂತು. ನಾಲ್ಕು ಸೆಂಟ್ರಿಫ್ಯೂಜ್ ಯಂತ್ರ, ಒಂದೊಂದರಲ್ಲೂ ನಾಲ್ವರು ಕೂರುವ ಹತ್ತು ಡಬ್ಬಿ. ಗರಗರ ತಿರುಗಿಸಿ ಮೈಮೇಲೆ ಸುಮಾರು 2.5 ಜಿ, ಅಂದರೆ ನಮ್ಮ ತೂಕದ ಎರಡೂವರೆ ಪಟ್ಟು ಭಾರ ಹೇರುವ ಯಂತ್ರವಿದು. ಡಬ್ಬಿಯೊಳಗೆ ವಾಂತಿ ಚೀಲ ಇಡಬೇಕಾಯಿತು. 2006ರಲ್ಲಿ ಅದೇ ಕಟ್ಟಡದಲ್ಲಿ, ತಿರುಗದ ಮೆತ್ತಗಿನ ಆವೃತ್ತಿಯನ್ನೂ ಶುರು ಮಾಡಿದರು. ಮೆತ್ತಗಿನದು ಬೇಕೆನ್ನುವವರು ಎಲ್ಲಿಗೂ ಹೋಗಿರಲಿಲ್ಲ ಅಂತಾಯಿತು.

ಬಾಳಿಕೆಯ ಮಾತಿಗೆ ಬಂದರೆ, ಥ್ರಿಲ್ ಹೆಚ್ಚಿದಷ್ಟೂ ಆಯಸ್ಸು ಹೆಚ್ಚು ಅಂತೇನಿಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಕಿಂಗ್ಡಾ ಕಾ ಕೋಸ್ಟರ್ 139 ಮೀಟರ್ ಎತ್ತರ, ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 206 ಕಿ.ಮೀ. ವೇಗ. ಹೈಡ್ರಾಲಿಕ್ ಮೋಟಾರುಗಳು ಉಕ್ಕಿನ ಕೇಬಲ್ ಸುತ್ತಿ ರೈಲನ್ನು ಎಳೆದು ಬಿಸಾಡುತ್ತಿದ್ದವು. ಎಳೆತ ಚೂರು ಕಡಿಮೆಯಾದರೂ ರೈಲು ತುದಿ ದಾಟದೆ ಹಿಂದಕ್ಕೆ ಜಾರಿ ಬರುತ್ತಿತ್ತು. 2005ರಲ್ಲಿ ತೆರೆದದ್ದು 2024ರಲ್ಲಿ ಮುಚ್ಚಿತು, 2025ರ ಫೆಬ್ರವರಿಯಲ್ಲಿ ಸಿಡಿಮದ್ದಿಟ್ಟು ಬೀಳಿಸಿದರು. ಅದೇ ಮೆಲ್ಬರ್ನ್‌ನ ಲೂನಾ ಪಾರ್ಕಿನ ಸೀನಿಕ್ ರೈಲ್ವೇ ಎಂಬ ಕೋಸ್ಟರ್ 1912ರದ್ದು. ರೈಲಿನ ಮೇಲೇ ನಿಂತು ಒಬ್ಬ ಮನುಷ್ಯ ಕೈಯಿಂದ ಬ್ರೇಕ್ ಹಾಕುತ್ತಾನೆ. ಮರದ ಹಳಿಯಲ್ಲಿ ಒಂದು ಹಲಗೆ ಕೊಳೆತರೆ ಅದನ್ನಷ್ಟೇ ಬಿಚ್ಚಿ ಬೇರೆ ಹಾಕಬಹುದು. ಅದು ಬಡಗಿಯ ಕೆಲಸ, ಯಾವುದೋ ದೇಶದ ಕಂಪನಿಯಿಂದ ಬಿಡಿಭಾಗ ಬರುವವರೆಗೆ ಕಾಯಬೇಕಿಲ್ಲ.

ಹಾಗಂತ ಹಳೆಯದನ್ನೆಲ್ಲ ದೇವರ ಕೋಣೆಯಲ್ಲಿಡಿ ಅಂತ ನಾನು ಹೇಳುತ್ತಿಲ್ಲ. ದಿನಕ್ಕೆ ಮೂರೇ ಪ್ರದರ್ಶನ ಕೊಟ್ಟು, ಅರ್ಧ ಖಾಲಿ ಇರುವ ಸ್ಟಂಟ್ ಶೋ ಮೈದಾನ ಕೆಡವಿ, ನನ್ನದೇನೂ ತಕರಾರಿಲ್ಲ. ಕಾಂಕ್ರೀಟ್ ಕಾಲುವೆ ಬಿರುಕು ಬಿಟ್ಟು, ತೇಪೆ ಹಾಕಿದಲ್ಲೇ ಮತ್ತೆ ಸೋರುವ ದೋಣಿ ರೈಡ್ ಕೂಡ ಬಿಳಿಯಾನೆಯೇ. ಎಲ್ಲಕ್ಕಿಂತ ಮೊದಲು ಹೋಗಬೇಕಾದ್ದು ಹಳೇ ಥ್ರಿಲ್ ರೈಡುಗಳು. ತಿರುವಿಗೂ ನೇರಕ್ಕೂ ಸರಿಯಾಗಿ ಹೊಂದದ ಹಳಿಯ ಮೇಲೆ, ಭುಜದ ಹಾರ್ನೆಸ್‌ಗೆ ಎರಡೂ ಕಿವಿ ಬಡಿಯುತ್ತಾ ಹೋಗುವ ಆ ಲೂಪ್ ಕೋಸ್ಟರ್‌ಗಳನ್ನು ಯಾರೂ ಎರಡನೇ ಸಲ ಹತ್ತುವುದಿಲ್ಲ. ಅವಕ್ಕೂ ಪೂರ್ತಿ ಕೆಡವುವುದೊಂದೇ ದಾರಿ ಅಲ್ಲ. 1990ರ ಟೆಕ್ಸಸ್ ಜೈಂಟ್ ಎಂಬ ಗಡಗಡ ಮರದ ಕೋಸ್ಟರಿನ ಚೌಕಟ್ಟು ಉಳಿಸಿಕೊಂಡು, ಮೇಲೆ ಉಕ್ಕಿನ ಹಳಿ ಕೂರಿಸಿ 2011ರಲ್ಲಿ ಹೊಸದಾಗಿ ತೆರೆದರು. 1991ರ ಮೀನ್ ಸ್ಟ್ರೀಕ್ ಇದೇ ರೀತಿ 2018ರಲ್ಲಿ ಸ್ಟೀಲ್ ವೆಂಜನ್ಸ್ ಆಯಿತು. ಥ್ರಿಲ್ ಬೇಕೆಂದವರಿಗೆ ಥ್ರಿಲ್ಲೂ ಸಿಕ್ಕಿತು, ಡಾರ್ಕ್ ರೈಡ್ ಯಾವುದಕ್ಕೂ ಕೈ ಹಚ್ಚಲಿಲ್ಲ.

ಹಳೇ ಡಾರ್ಕ್ ರೈಡ್ ಸೊರಗುವುದಕ್ಕೆ ವಯಸ್ಸಿಗಿಂತ ಉದಾಸೀನವೇ ಹೆಚ್ಚು ಕಾರಣ. ಪೆಪ್ಪರ್ಸ್ ಘೋಸ್ಟ್ ಎಂಬ ತಂತ್ರವನ್ನೇ ನೋಡಿ. 1862ರಲ್ಲಿ ಲಂಡನ್ನಿನಲ್ಲಿ ತೋರಿಸಿದ್ದು, ಇಂದಿಗೂ ಮಕ್ಕಳನ್ನು ಬೆಚ್ಚಿಬೀಳಿಸುತ್ತದೆ. ನೋಡುವವರ ಮುಂದೆ ಓರೆಯಾಗಿ ಒಂದು ಗಾಜು. ಕಣ್ಣಿಗೆ ಬೀಳದ ಮೂಲೆಯಲ್ಲಿ, ಕಪ್ಪು ಬಟ್ಟೆಯ ಮುಂದೆ ಬೊಂಬೆ. ಬೊಂಬೆಯ ಮೇಲೆ ಬೆಳಕು ಬಿದ್ದಾಗ ಗಾಜಿನಲ್ಲಿ ದೆವ್ವ ಮೂಡುತ್ತದೆ, ಬೆಳಕು ಇಳಿದಾಗ ಮಾಯ. ಗಾಜಿನ ಮೇಲೆ ಧೂಳು ಕೂತರೆ ದೆವ್ವಕ್ಕಿಂತ ಮೊದಲು ಗಾಜೇ ಕಾಣುತ್ತದೆ. ಕರೆಂಟು ಉಳಿಸಲು ಬಲ್ಬ್ ತೆಗೆದು ಡಿಮ್ ಆಗದ ಎಲ್‌ಇಡಿ ಹಾಕಿದರೆ, ಮೆಲ್ಲಗೆ ಮೂಡಬೇಕಾದ ದೆವ್ವ ಟ್ಯೂಬ್‌ಲೈಟಿನಂತೆ ಫಳಕ್ಕನೆ ಹತ್ತುತ್ತದೆ. ಬೊಂಬೆಗಳ ಕೈಕಾಲು ಆಡಿಸುವ ಹಳೇ ಹೈಡ್ರಾಲಿಕ್ ಸಿಲಿಂಡರಿನ ಸೀಲ್ ಸವೆದರೆ ಎಣ್ಣೆ ಇಳಿದು ಉಡುಪು ಹಾಳಾಗುತ್ತದೆ. ಅದರ ಬದಲು ಎಣ್ಣೆ ಬೇಡದ ವಿದ್ಯುತ್ ಆಕ್ಚುಯೇಟರ್, ಯಂತ್ರ ನಡೆಸುವ ಹಳೇ ರಿಲೇ ಪ್ಯಾನೆಲ್ ಬದಲು ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರ್ ಹಾಕಿಸಬಹುದು. ಕಥೆಯೇ ಹಳತಾಗಿದ್ದರೆ ಕಥೆ ಬದಲಿಸಿ. ಎಪ್‌ಕಾಟ್‌ನಲ್ಲೇ ಮೇಲ್‌ಸ್ಟ್ರಾಮ್ ದೋಣಿ ರೈಡ್‌ನ ಕಾಲುವೆ ಉಳಿಸಿಕೊಂಡು 2016ರಲ್ಲಿ ಫ್ರೋಜನ್ ಸಿನಿಮಾದ ಕಥೆ ಹೂಡಿದರು. ಎತ್ತರದ ಕೋಲೂ ಬರಲಿಲ್ಲ.

ಕೆಡವಲೇಬೇಕು ಎನ್ನುವ ಪಾರ್ಕಿನವರು ಮೊದಲು ಒಂದು ಪ್ರಯೋಗ ಮಾಡಲಿ. ಜನ ತುಂಬಿದ ಒಂದು ಶನಿವಾರ ಆ ಹಳೇ ರೈಡ್ ಬೇಕೆಂದೇ ಬಂದ್ ಮಾಡಿ, ಅಕ್ಕಪಕ್ಕದ ಐದು ರೈಡುಗಳ ಕ್ಯೂ ಎಷ್ಟುದ್ದ ಇದೆ ಅಂತ ಹದಿನೈದು ನಿಮಿಷಕ್ಕೊಮ್ಮೆ ಬರೆದುಕೊಳ್ಳಲಿ. ಮುಂದಿನ ಶನಿವಾರ ತೆರೆದಿಟ್ಟು ಮತ್ತೆ ಬರೆಯಲಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಮಗುವಿನ ತಳ್ಳುಗಾಡಿ ಹಿಡಿದವರು ಯಾವ ಕಡೆ ಹೋಗುತ್ತಾರೆ, ಅಥವಾ ನೇರ ಹೊರಗಿನ ಗೇಟಿಗೇ ಹೋಗುತ್ತಾರಾ ಎನ್ನುವುದನ್ನೂ ಎಣಿಸಲಿ.