ಕೆಂಪು ಗುಂಡಿ

ಮೊನ್ನೆ ಭಾನುವಾರ ಬೆಳಿಗ್ಗೆ ಅಕ್ಕಿ ಡಬ್ಬದೊಳಗೆ ಮೊಣಕೈವರೆಗೆ ಕೈ ತೂರಿಸಿ, ಬೆಣ್ಣೆಹಣ್ಣುಗಳನ್ನು ಹುಡುಕಿ, ಒಂದೊಂದಾಗಿ ಒತ್ತಿ ನೋಡಿದೆ. ಕಲ್ಲು. ಗುರುವಾರ ಒತ್ತಿದಾಗಲೂ ಕಲ್ಲು, ಶುಕ್ರವಾರವೂ ಕಲ್ಲು. ಶನಿವಾರ ಒತ್ತಲಾಗಲಿಲ್ಲ. "ನೀವು ಒತ್ತಿ ಒತ್ತಿಯೇ ಅವು ಒಳಗೆ ಕಪ್ಪಾಗುವುದು" ಎಂದು ಹೆಂಡತಿ ಡಬ್ಬದ ಮುಚ್ಚಳದ ಮೇಲೆ ಕಡಲೆಬೇಳೆಯ ಡಬ್ಬವನ್ನು ಹೇರಿಟ್ಟಿದ್ದಳು. ಸರಿ, ಒತ್ತದೆ ತಿಳಿಯುವುದು ಹೇಗೆ? ಮಾವು ಮೂಗಿಗೆ ಹೇಳಿ ಕಳಿಸುತ್ತದೆ. ಹಲಸು ಇಡೀ ಬೀದಿಗೆ ಡಂಗುರ ಸಾರುತ್ತದೆ. ಬಾಳೆಹಣ್ಣು ಮೈಮೇಲೆ ಚುಕ್ಕಿ ಇಟ್ಟುಕೊಂಡು ತೋರಿಸುತ್ತದೆ. ಇದೊಂದು ಮಾತ್ರ ಕಚೇರಿಯ ಕಡತದಂತೆ, ಎಲ್ಲಿಯವರೆಗೆ ಬಂದಿದೆ ಎಂದು ಯಾರಿಗೂ ಹೇಳುವುದಿಲ್ಲ.

ಹಣ್ಣು ಬರುವುದು ಸೋಮವಾರಪೇಟೆಯ ಕಡೆಯಿಂದ. ಅಲ್ಲಿ ಅಕ್ಕನ ಮನೆಯವರಿಗೆ ಸ್ವಲ್ಪ ಕಾಫಿ ತೋಟವಿದೆ, ಕಾಫಿ ಗಿಡಗಳ ನಡುವೆ ಆರೇಳು ಬೆಣ್ಣೆಹಣ್ಣಿನ ಮರಗಳಿವೆ. ಮಳೆಗಾಲದಲ್ಲಿ ಅಲ್ಲಿಂದ ಮೈಸೂರಿಗೆ ಯಾರು ಬಂದರೂ ಕೈಯಲ್ಲೊಂದು ಚೀಲ, ಹಿಂದೆಯೇ ಭಾವನವರ ಫೋನು: "ಇನ್ನು ಮೂರು ದಿನ ಇಡು, ಸಾಕು." ಈ ಮೂರು ದಿನ ಒಮ್ಮೆ ಒಂದೇ ದಿನ, ಒಮ್ಮೆ ಒಂಬತ್ತು ದಿನ. ಅವರ ಅಪ್ಪನ ಕಾಲದಲ್ಲಿ ಇದನ್ನು ತಿನ್ನುವವರೇ ಇರಲಿಲ್ಲವಂತೆ, ಉದುರಿ ಬುಡದಲ್ಲೇ ಗೊಬ್ಬರವಾಗುತ್ತಿತ್ತಂತೆ. ಈಗ ನೋಡಿದರೆ ಗಾಜಿನ ಬಾಗಿಲಿನ ಅಂಗಡಿಗಳಲ್ಲಿ ಬಲೆಯ ಅಂಗಿ ತೊಟ್ಟು, ಹಣೆಗೊಂದು ಚೀಟಿ ಅಂಟಿಸಿಕೊಂಡು, ಆವಕಾಡೊ ಎಂಬ ಹೆಸರಿನಲ್ಲಿ ಕೂತಿದೆ. "ಬೆಣ್ಣೆಹಣ್ಣು ಇಷ್ಟು ದುಬಾರಿಯೇ?" ಎಂದು ಕೇಳಿದರೆ ಅಂಗಡಿಯ ಹುಡುಗ "ಅದು ಬೇರೆ ಸರ್, ಇದು ಬೇರೆ" ಎಂದ. ಬೇರೆಯಂತೆ! ನನ್ನ ರಕ್ತ ಕುದಿಯಿತು.

ಪೂರಾ ಸುಳ್ಳೂ ಅಲ್ಲ ಎಂದು ಆಮೇಲೆ ತಿಳಿಯಿತು. ಅವನ ಬುಟ್ಟಿಯಲ್ಲಿದ್ದದ್ದು ಹ್ಯಾಸ್ ತಳಿ. ಕ್ಯಾಲಿಫೋರ್ನಿಯಾದಲ್ಲಿ ರುಡಾಲ್ಫ್ ಹ್ಯಾಸ್ ಎಂಬ ಅಂಚೆಯವ ಬೆಳೆಸಿ, 1935ರಲ್ಲಿ ಪೇಟೆಂಟ್ ಮಾಡಿಸಿಕೊಂಡ ಮರದ ಸಂತತಿ. ಅದರ ಸಿಪ್ಪೆ ಹಣ್ಣಾಗುತ್ತಿದ್ದಂತೆ ಕಪ್ಪಾಗುತ್ತದೆ. ಅಂಚೆಯವನ ಹಣ್ಣಲ್ಲವೇ, ಸುದ್ದಿಯನ್ನು ಸಕಾಲಕ್ಕೆ ತಲುಪಿಸುತ್ತದೆ. ಭಾವನ ಮರದ್ದು ಹಸಿರಾಗಿಯೇ ಬಲಿತು ಹಸಿರಾಗಿಯೇ ಕೊಳೆಯುತ್ತದೆ. ಅವರದೇ ಜಿಲ್ಲೆಯ ಚೆಟ್ಟಳ್ಳಿಯ ತೋಟಗಾರಿಕಾ ಕೇಂದ್ರದಿಂದ ಅರ್ಕ ಸುಪ್ರೀಂ, ಅರ್ಕ ಕೂರ್ಗ್ ರವಿ ಎಂಬ ತಳಿಗಳು ಬಂದಿವೆಯಲ್ಲ, ಹಾಕಬಾರದೇ ಎಂದು ಭಾವನನ್ನು ಕೇಳಿದೆ. "ನನ್ನ ಮರಕ್ಕೆ ಹೆಸರಿಲ್ಲದಿದ್ದರೂ ಹಣ್ಣು ಬಿಡುತ್ತದೆ" ಎಂದು ಫೋನಿಟ್ಟರು.

ಇನ್ನೊಂದು ವಿಚಿತ್ರ. ಈ ಹಣ್ಣು ಮರದಲ್ಲಿ ಇರುವಷ್ಟು ದಿನ ಮಾಗುವುದೇ ಇಲ್ಲ. ಬಲಿಯುತ್ತದೆ, ಅಷ್ಟೆ. ಕಿತ್ತ ಮೇಲೆಯೇ ಮಾಗಲು ಶುರು. ಊರು ಬಿಟ್ಟ ಮೇಲಷ್ಟೇ ಮೆದುವಾಗುವ ಮಕ್ಕಳ ಬಗ್ಗೆ ಇದರಿಂದ ನನಗೊಂದು ಗಂಭೀರ ವಿಚಾರ ಹೊಳೆದಿದೆ. ನಾನು ಬರೆಯಲು ಕೂತದ್ದೇ ಅದಕ್ಕಾಗಿ. ಆದರೆ ಮೊದಲು ಮಿಕ್ಸಿಯ ವಿಷಯ ಮುಗಿಸಿಬಿಡುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ಹೆಂಡತಿಯೂ ಅತ್ತೆಯವರೂ ಯಾವುದೋ ನಾಮಕರಣಕ್ಕೆ ಹೋಗಿದ್ದರು. ನಾಲ್ಕು ಹಣ್ಣು ಒಟ್ಟಿಗೇ ಮಾಗಿ ಕೂತಿದ್ದವು. ಚಮಚ ನೆಟ್ಟರೆ ನೆಟ್ಟಗೆ ನಿಲ್ಲಬೇಕು, ಅಂಥ ಜ್ಯೂಸು ಕುಡಿಯಬೇಕೆಂಬುದು ನನ್ನ ಬಹುದಿನದ ಆಸೆ. ಅಂಗಡಿಯವರು ನೀರು ಬೆರೆಸುತ್ತಾರೆ, ಮನೆಯವರು ಹಾಲು ಸುರಿಯುತ್ತಾರೆ. ಇವತ್ತು ಯಾರೂ ಇಲ್ಲ. ನಾಲ್ಕೂ ಹಣ್ಣಿನ ತಿರುಳು, ಸಕ್ಕರೆ, ಎರಡು ಏಲಕ್ಕಿ, ಹಾಲು ಬರೀ ಅರ್ಧ ಲೋಟ. ಮಿಕ್ಸಿ ಗುರ್ ಎಂದಿತು, ಊಂ ಎಂದಿತು, ನಿಂತುಬಿಟ್ಟಿತು. ಆಮೇಲೆ ಏನು ಮಾಡಿದರೂ ಉಸಿರಿಲ್ಲ. ಅದೇ ಪ್ಲಗ್ಗಿಗೆ ಇಸ್ತ್ರಿಪೆಟ್ಟಿಗೆ ಚುಚ್ಚಿ ನೋಡಿದೆ, ಬಿಸಿಯಾಯಿತು. ಅಂದರೆ ಸತ್ತದ್ದು ಮಿಕ್ಸಿಯೇ.

ಈ ಮಿಕ್ಸಿ ಅತ್ತೆಯವರು ಕೊಡಿಸಿದ್ದು ಎಂದರೆ ನನ್ನ ಅವಸರ ನಿಮಗೆ ಅರ್ಥವಾದೀತು. ಟವಲ್ಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಕುವೆಂಪುನಗರದಲ್ಲಿ ಬಸ್ ಹತ್ತಿ ಮಡಿಲಲ್ಲಿಟ್ಟುಕೊಂಡು ಕೂತೆ. ಟವಲ್ಲು ಸರಿದು ಅದರ ಮುಖ ಕಂಡದ್ದೇ ತಡ, ಪಕ್ಕದವರು "ಏನಾಗಿದೆ?" ಎಂದರು. ಹೇಳಿದೆ. "ಕಾರ್ಬನ್ ಬ್ರಷ್ ಸವೆದಿದೆ" ಎಂದರು. ಹಿಂದಿನ ಸೀಟಿನವರು ಬಗ್ಗಿ, "ಅಲ್ಲ ಅಲ್ಲ, ವೈಂಡಿಂಗ್ ಸುಟ್ಟಿದೆ" ಎಂದರು. ನಿಂತಿದ್ದ ಮುತ್ತೈದೆಯೊಬ್ಬರು "ನಮ್ಮದೂ ಹೀಗೇ ಆಗಿತ್ತು, ಆಮೇಲೆ ಹೊಸದೇ ತಂದೆವು" ಎಂದು ಸಮಾಧಾನ ಹೇಳಿದರು. ಸಿಟಿ ಬಸ್ ನಿಲ್ದಾಣ ಬರುವಷ್ಟರಲ್ಲಿ ನಾನು ಹೊಸ ಮಿಕ್ಸಿಗೆ ಎಷ್ಟಾದೀತು, ಅದೇ ಬಣ್ಣದ್ದು ಸಿಕ್ಕೀತೇ ಎಂಬ ಲೆಕ್ಕಕ್ಕೆ ಬಂದಿದ್ದೆ.

ಸಂದಿಯೊಂದರಲ್ಲಿ ರಿಪೇರಿ ಅಂಗಡಿ. ಒಳಗೆ ಕನ್ನಡಕವನ್ನು ದಾರದಲ್ಲಿ ಕಟ್ಟಿಕೊಂಡ ಮುದುಕರು. ನಾನು ಕಾರ್ಬನ್ ಬ್ರಷ್ಷಿನಿಂದ ಆರಂಭಿಸಿ ವೈಂಡಿಂಗ್‌ವರೆಗೆ ವಿವರಿಸುತ್ತಿದ್ದೆ. ಅವರು ಕೇಳಿಸಿಕೊಳ್ಳುತ್ತಲೇ ಮಿಕ್ಸಿಯನ್ನು ಮಗುಚಿದರು, ತಳದ ಜಿಡ್ಡನ್ನು ಹೆಬ್ಬೆರಳಿನಿಂದ ಒರೆಸಿದರು. ಅಲ್ಲೊಂದು ಪುಟ್ಟ ಕೆಂಪು ಗುಂಡಿ. ಟಕ್ ಎಂದು ಒತ್ತಿ, ನೆಟ್ಟಗಿಟ್ಟು, ಚಾಲೂ ಮಾಡಿದರು. ಮಿಕ್ಸಿ ಭೋರೆಂದು ತಿರುಗಿತು.

"ಏನು ಕೊಡಲಿ?" ಎಂದೆ.

"ಗುಂಡಿ ಒತ್ತಿದ್ದಕ್ಕೆ ಏನು ಕೊಡುತ್ತೀರಿ ಸ್ವಾಮಿ, ತೆಗೆದುಕೊಂಡು ಹೋಗಿ."

200 ರೂಪಾಯಿ ಕಿತ್ತುಕೊಂಡಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಅಷ್ಟು ಸಾಲದೆಂಬಂತೆ, "ಏನು ರುಬ್ಬುತ್ತಿದ್ದಿರಿ?" ಎಂದು ಕೇಳಿದರು. ಬೆಣ್ಣೆಹಣ್ಣು ಎಂದೆ. ಕನ್ನಡಕದ ಮೇಲಿನಿಂದ ನನ್ನನ್ನು ಒಮ್ಮೆ ನೋಡಿ, "ಹಾಲು ಹಾಕಬೇಕು" ಎಂದರು. ಭಾರ ಹೆಚ್ಚಾದರೆ ಮೋಟಾರು ಸುಡದಿರಲೆಂದು ಈ ಗುಂಡಿ ತಾನೇ ಹೊರಗೆ ಜಿಗಿಯುತ್ತದಂತೆ. ಐದು ನಿಮಿಷ ಆರಲು ಬಿಟ್ಟು ಒತ್ತಿದರೆ ಮುಗಿಯಿತು. ವಾಪಸು ಬರುವ ಬಸ್ಸಿನಲ್ಲಿ ಮೈಸೂರಿನ ರಸ್ತೆಯ ಗುಂಡಿಗಳನ್ನೆಲ್ಲ ಹೆಸರು ಹಿಡಿದು ಬೈಯಬಲ್ಲ ನನಗೆ ನನ್ನದೇ ಅಡುಗೆಮನೆಯ ಗುಂಡಿ ಗೊತ್ತಿರಲಿಲ್ಲವಲ್ಲ ಎಂದು ಕೊರಗಿದೆ.

ಕೊರಗು ಇಳಿದ ಮೇಲೆ ಸಿಟ್ಟು ಬಂತು. ಇಷ್ಟು ಮುಖ್ಯವಾದ ಗುಂಡಿಯನ್ನು ತಳದಲ್ಲೇಕೆ ಅಡಗಿಸಿಡಬೇಕು? ಮನೆಗೆ ಬಂದು ಜೊತೆಗೆ ಬಂದಿದ್ದ ಪುಸ್ತಿಕೆ ಹುಡುಕಿದೆ. ಮುಖಪುಟದಲ್ಲಿ ನಗುವ ಹೆಂಗಸು, ಒಳಗೆ ಚಟ್ನಿಯ ಬಣ್ಣದ ಚಿತ್ರ, ಕೆಂಪು ಗುಂಡಿಯ ಸಂಗತಿ 17ನೇ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ. ಕನ್ನಡದಲ್ಲಿ ಒಂದಕ್ಷರವಿಲ್ಲ. ಮಿಕ್ಸಿ ಮಾರುವುದು ಮೈಸೂರಿನಲ್ಲಿ, ಚಟ್ನಿ ರುಬ್ಬುವವರು ಕನ್ನಡದವರು, ಕೆಟ್ಟರೆ ಮಾತ್ರ ಬೇರೆ ಭಾಷೆಯಲ್ಲಿ ಕೆಡಬೇಕು.

ಅಂದಿನಿಂದ ನಮ್ಮ ಬೀದಿಯಲ್ಲಿ ಮೂರು ಮಿಕ್ಸಿಗಳಿಗೆ ಜೀವ ಕೊಟ್ಟಿದ್ದೇನೆ. ಆ ಮುದುಕರಷ್ಟು ದೊಡ್ಡ ಮನಸ್ಸು ನನ್ನದಲ್ಲ. ಬಂದ ಕೂಡಲೇ ಒತ್ತಿಬಿಡುವುದಿಲ್ಲ. ಮೊದಲು ಮೂಸುತ್ತೇನೆ. ಕಿವಿಗೆ ಹಿಡಿದು ಅಲ್ಲಾಡಿಸುತ್ತೇನೆ. "ವೈಂಡಿಂಗ್ ಇರಬಹುದು, ನೋಡೋಣ" ಎನ್ನುತ್ತೇನೆ. ಕಾಫಿ ಬಂದ ಮೇಲೆ, ಅವರು ಸಕ್ಕರೆ ತರಲು ಒಳಗೆ ಹೋದಾಗ, ಟಕ್.

ಅದಿರಲಿ. ಈ ಸಲದ ಹಣ್ಣು ಮಾಗಿದ್ದು ಮಂಗಳವಾರ ಮಧ್ಯಾಹ್ನ, ಕರೆಂಟು ಹೋದ ಹತ್ತು ನಿಮಿಷಕ್ಕೆ. ನಾನು ಹಣ್ಣುಗಳನ್ನು ಮುಂದಿಟ್ಟುಕೊಂಡು ಫ್ಯಾನಿನ ರೆಕ್ಕೆ ನೋಡುತ್ತ ಕೂತೆ. ಹೆಚ್ಚಿಟ್ಟರೆ ಕಪ್ಪಾಗುತ್ತದೆ, ನಾಳೆಗಿಟ್ಟರೆ ಮೆತ್ತಗಾಗಿ ನಾರೆದ್ದೀತು. ಅತ್ತೆಯವರು ಬಂದು ನೋಡಿದರು. ಏನೂ ಹೇಳದೆ ಚಮಚದಲ್ಲಿ ತಿರುಳು ಬಗೆದು ಪಾತ್ರೆಗೆ ಹಾಕಿದರು, ಮಜ್ಜಿಗೆಯ ಕಡಗೋಲು ತಂದರು. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುತ್ತದೆ ಎಂದು ಹಾಲು ಪೂರ್ತಿ ಆರುವವರೆಗೆ ನಮ್ಮನ್ನೆಲ್ಲ ಕೂರಿಸಿದರು. ಆಮೇಲೆ ಪುಡಿ ಮಾಡಿದ ಬೆಲ್ಲ, ಚಿಟಿಕೆ ಏಲಕ್ಕಿ. "ಬಾಳೆಹಣ್ಣಿನ ಸೀಕರಣೆಗೆ ನಮ್ಮಮ್ಮನಿಗೆ ಯಾವ ಮಿಕ್ಸಿ ಇತ್ತು?" ಎಂದರು, ಯಾರನ್ನೂ ನೋಡದೆ. ಅಲ್ಲಲ್ಲಿ ಹಣ್ಣಿನ ಸಣ್ಣ ಸಣ್ಣ ಗಂಟು ನಾಲಿಗೆಗೆ ಸಿಗುತ್ತಿತ್ತು. ಚಮಚ ನೆಟ್ಟು ನೋಡಿದೆ. ನಿಂತಿತು. ನಾನು ಮಾಡುವುದಕ್ಕಿಂತ ಚೆನ್ನಾಗಿತ್ತು. ಅದನ್ನು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಲೋಟ ತೊಳೆದಿಡುವ ಹೊತ್ತಿಗೆ ಕರೆಂಟು ಬಂತು.

ಇವತ್ತು ಬೆಳಿಗ್ಗೆ ಆ ಮಕ್ಕಳ ವಿಚಾರವನ್ನು ಬರೆದೇಬಿಡೋಣವೆಂದು ಕಾಗದ ಹಿಡಿದು ಕೂತೆ. ಒಳಗೆ ಹೆಂಡತಿ ಅನ್ನಕ್ಕೆ ಅಕ್ಕಿ ತೆಗೆಯುತ್ತಿದ್ದಳು. ಡಬ್ಬದಲ್ಲಿ ಪಾವು ಇಳಿದ ಸದ್ದು ಎಂದಿನಂತಿರಲಿಲ್ಲ. ಸ್ವಲ್ಪ ಹೊತ್ತು ಮೌನ.

"ರೀ, ಎಷ್ಟು ಹಣ್ಣು ಇಟ್ಟಿದ್ದಿರಿ?"

"ಐದು."

"ತೆಗೆದದ್ದು?"