ಸತ್ಯಾಂಶ: ಹಣ ಕಟ್ಟಿದರೆ ಅಂತರರಾಷ್ಟ್ರೀಯ ಪತ್ರಕರ್ತರಾಗಬಹುದೇ?

‘ಶುಲ್ಕ ಕಟ್ಟಿ ಇಂಟರ್‌ನ್ಯಾಷನಲ್ ಪ್ರೆಸ್ ಕಾರ್ಡ್ ಪಡೆಯಿರಿ, ಯಾವ ದೇಶದಲ್ಲಾದರೂ ವರದಿ ಮಾಡಿ, ವಿದೇಶಿ ಪತ್ರಿಕೆ ಸೇರಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ ನಿಜವಲ್ಲ.

ಆ ಹೆಸರಿನ ಕಾರ್ಡ್ ಇರುವುದೇನೋ ಹೌದು. 1926ರಲ್ಲಿ ಹುಟ್ಟಿದ, ಈಗ ಬ್ರಸೆಲ್ಸ್‌ನಲ್ಲಿ ಕಚೇರಿ ಇರುವ ಪತ್ರಕರ್ತರ ಅಂತರರಾಷ್ಟ್ರೀಯ ಒಕ್ಕೂಟ ಅದನ್ನು ಕೊಡುತ್ತದೆ. ಆದರೆ ತನ್ನ ಸದಸ್ಯ ಸಂಘಗಳ ಮೂಲಕ, ಈಗಾಗಲೇ ಪತ್ರಕರ್ತರಾಗಿ ದುಡಿಯುತ್ತಿರುವವರಿಗೆ ಮಾತ್ರ. ಅದು ಗುರುತಿನ ಚೀಟಿ. ನೌಕರಿಯ ಭರವಸೆ ಅಲ್ಲ, ವೀಸಾ ಕೂಡ ಅಲ್ಲ. ಅಮೆರಿಕಕ್ಕೆ ವರದಿಗಾರಿಕೆಗೆಂದು ಹೋಗುವವರು ‘ಐ’ ವೀಸಾ, ಚೀನಾಕ್ಕಾದರೆ ‘ಜೆ’ ವೀಸಾ ಪಡೆಯಬೇಕು.

ಕೆಲಸ ಕೊಡುವಾಗ ಸಂಪಾದಕರು ಮುಖ್ಯವಾಗಿ ನೋಡುವುದು ಕಾರ್ಡನ್ನಲ್ಲ, ಪ್ರಕಟವಾದ ಬರಹಗಳನ್ನು. ಹೊಸಬರಲ್ಲಿ ಅನೇಕರು ಪತ್ರಿಕೆಗಳಿಗೆ ಸುದ್ದಿ ಒದಗಿಸುವ ಸುದ್ದಿಸಂಸ್ಥೆಗಳಿಂದ ಶುರು ಮಾಡುತ್ತಾರೆ. ಅಂಥದ್ದೇ ಸಂಸ್ಥೆಯಾದ ರಾಯಿಟರ್ಸ್‌ನ ದೊಡ್ಡ ಸುದ್ದಿಮನೆಯೊಂದು ಬೆಂಗಳೂರಿನಲ್ಲೇ ಇದೆ. ಅಮೆರಿಕದ ಕಂಪನಿಗಳ ಸುದ್ದಿಯನ್ನೂ ಅಲ್ಲಿಂದ ಬರೆಯುತ್ತಾರೆ. ಇನ್ನೊಂದು ದಾರಿ, ತಮ್ಮ ಊರಿನ ಸುದ್ದಿಯನ್ನು ಹೊರಗಿನ ಪತ್ರಿಕೆಗೆ ಬರೆಯುವ ಸ್ಟ್ರಿಂಗರ್ ಕೆಲಸ. ನನ್ನ ಮಟ್ಟಿಗೆ ಕನ್ನಡದ ಹುಡುಗ ಹುಡುಗಿಯರಿಗೆ ಇದೇ ಹೆಚ್ಚು ಒಗ್ಗುವ ದಾರಿ: ಕೊಡಗಿನಲ್ಲಿ ಆನೆ ತೋಟಕ್ಕೆ ನುಗ್ಗಿದರೆ, ಅಲ್ಲಿನ ಕಾರ್ಮಿಕರೊಡನೆ ದುಭಾಷಿಯಿಲ್ಲದೆ ಮಾತಾಡಬಲ್ಲವರು ಇವರು.

ಇಂಥ ವರದಿಯ ಪ್ರಸ್ತಾವವನ್ನು ಸಂಪಾದಕರಿಗೆ ಇಮೇಲ್ ಮಾಡಿದರೆ ಸಾಕು, ಅದಕ್ಕೆ ಶುಲ್ಕವಿಲ್ಲ. ಒಪ್ಪಿ ಪ್ರಕಟಿಸಿದರೆ ಸಂಭಾವನೆಯನ್ನು ಪತ್ರಿಕೆಯೇ ಕೊಡಬೇಕು.