ಹಾಡೋರು ಇನ್ನಾ ಬಂದಿಲ್ಲೇನ?

ಕಳೆದ ಎಳ್ಳಮಾವಾಸ್ಯೆಗೆ ಪುಣೆಯಿಂದ ಕಲಬುರಗಿಗೆ ಹೋಗುವಾಗ ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ಒಯ್ದಿದ್ದೆ. ಹೊಲದಲ್ಲಿ ಭೂತಾಯಿಗೆ ಚರಗ (ಎಡೆ) ಚೆಲ್ಲಿ, ಭಜ್ಜಿ ಮತ್ತು ಸಜ್ಜಿ ರೊಟ್ಟಿ ಉಂಡು, ಎಲ್ಲರೂ ಬೇವಿನ ಗಿಡದ ಕೆಳಗೆ ಅಡ್ಡಾಗಿದ್ದರು. ಸುಮ್ನೆ ಇರಲಾರದೆ ನಾನು ಫೋನಿನಲ್ಲಿದ್ದ ಹೊಸ ಆಲ್ಟರ್ನೇಟಿವ್ ರಾಕ್ (ರೂಢಿಯ ದಾರಿ ಬಿಟ್ಟು ನಡೆಯುವ ರಾಕ್) ಹಾಡುಗಳನ್ನು ಹಚ್ಚಿದೆ. ಮೊದಲು ಹಚ್ಚಿದ್ದು ದಿ ಕ್ಯೂರ್ ತಂಡದ ‘ಅಲೋನ್’.

16 ವರ್ಷ ಹೊಸ ಆಲ್ಬಮ್ ಇಲ್ಲದೆ ಇದ್ದ ಇಂಗ್ಲೆಂಡಿನ ತಂಡ ಅದು. 2024ರ ಸೆಪ್ಟೆಂಬರಿನಲ್ಲಿ ಈ ಹಾಡು ಬಿಟ್ಟಿತು. ಹಾಡು ಏಳು ನಿಮಿಷದ ಹತ್ತಿರ ಇದೆ. ಅದರಲ್ಲಿ ಮೂರು ನಿಮಿಷ ದಾಟುವ ತನಕ ಹಾಡುಗಾರ ರಾಬರ್ಟ್ ಸ್ಮಿತ್ ಬಾಯಿ ತೆರೆಯುವುದೇ ಇಲ್ಲ. ಬರೀ ಡ್ರಮ್ಮು, ಕೀಬೋರ್ಡು, ಮಳೆ ಮೋಡದ ಹಾಗೆ ಗವ್ವೆನ್ನುವ ಗಿಟಾರು.

ಎರಡು ನಿಮಿಷ ಆಗಿರಬೇಕು. ಟವೆಲ್ ಮುಖದ ಮೇಲೆ ಹಾಕಿಕೊಂಡು ಮಲಗಿದ್ದ ಕಾಕಾ ಒಳಗಿಂದಲೇ ಕೇಳಿದರು, “ತಮ್ಮಾ, ಹಾಡೋರು ಇನ್ನಾ ಬಂದಿಲ್ಲೇನ?”

“ಬರ್ತಾರ ಕಾಕಾ, ಸ್ವಲ್ಪ ತಡೀರಿ.”

“ಬಸ್ ತಪ್ಪಿರಬೇಕು ತಗೊ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೊಳಗೇ ಸ್ವಲ್ಪ ಚುರುಕ್ ಅಂದಿತು. ಪುಣೆಯಲ್ಲಿ ಇದೇ ಹಾಡಿನ ಇದೇ ಮೂರು ನಿಮಿಷವನ್ನು ನಾವು ನಾಲ್ಕು ಜನ ಗೆಳೆಯರು ಕಣ್ಣು ಮುಚ್ಚಿ ಕೇಳಿ, ಆಮೇಲೆ ಅರ್ಧ ಗಂಟೆ ಹೊಗಳಿದ್ದೆವು.

ಕಾಕಾ ಸಂಗೀತ ತಿಳಿಯದವರಲ್ಲ. ನಮ್ಮೂರ ಭಜನಿ ಮೇಳದಲ್ಲಿ ನಲವತ್ತು ವರ್ಷದಿಂದ ತಾಳ ಹಾಕುತ್ತಾರೆ. ಅಮಾವಾಸ್ಯೆ ರಾತ್ರಿ ಕೂತರೆ ಕೋಳಿ ಕೂಗುವ ತನಕ ಏಳುವುದಿಲ್ಲ. ಹಾಡುವುದೆಲ್ಲ ತತ್ವಪದ, ಜಾಸ್ತಿ ಕಡಕೋಳ ಮಡಿವಾಳಪ್ಪನವರದು. ಅಲ್ಲಿ ಹಾಡಿಗೆ ಒಂದು ಕಟ್ಟು ಇದೆ. ಮುಂದಿನವರು ಪಲ್ಲ (ಪಲ್ಲವಿ) ಎತ್ತುತ್ತಾರೆ, ಹಿಂದಿನವರು ಅದನ್ನು ಹಿಡಿಯುತ್ತಾರೆ. ನಾಲ್ಕನೇ ಸಲ ಬರುವಷ್ಟರಲ್ಲಿ ಬಾಗಿಲಲ್ಲಿ ನಿಂತವನ ಬಾಯಲ್ಲೂ ಅದು ಬಂದಿರುತ್ತದೆ. ಸುಮ್ಮನೆ ಕೂತು ಕೇಳುವವನು ಅಂತ ಅಲ್ಲಿ ಯಾರೂ ಇರುವುದಿಲ್ಲ. ಚರಗ ಚೆಲ್ಲುವಾಗಲೂ ಅಷ್ಟೇ ಅಲ್ವಾ? ಮುಂದೆ ಒಬ್ಬರು ಕೂಗಿದರೆ ಹಿಂದೆ ಒಬ್ಬರು ಕೂಗಲೇಬೇಕು.

ಹಾಗಾಗಿ “ಹಾಡೋರು ಬಂದಿಲ್ಲೇನ” ಅನ್ನುವುದು ಕಾಕಾನ ಚೇಷ್ಟೆ ಹೌದು, ದೂರೂ ಹೌದು. ತಾನು ಯಾವುದನ್ನು ಹಿಡಿಯಬೇಕು ಅಂತ ಅವರಿಗೆ ಸಿಗುತ್ತಿರಲಿಲ್ಲ.

ಆಮೇಲೆ ಫೊಂಟೇನ್ಸ್ ಡಿ.ಸಿ. ಹಚ್ಚಿದೆ. ಡಬ್ಲಿನ್ ಹುಡುಗರ ತಂಡ. ಹೆಸರಿನ ಆ ಡಿ.ಸಿ. ಅಂದರೆ ಡಬ್ಲಿನ್ ಸಿಟಿ. ನಮ್ಮ ಕಡೆ ಡಿ.ಸಿ. ಅಂದರೆ ಜಿಲ್ಲಾಧಿಕಾರಿ, ಹಾಗಾಗಿ ಅದನ್ನೂ ಬಿಡಿಸಿ ಹೇಳಬೇಕಾಯಿತು. ‘ಸ್ಟಾರ್‌ಬರ್ಸ್ಟರ್’ ಅನ್ನುವ ಹಾಡು, 2024ರದ್ದು. ಹಾಡುಗಾರ ಗ್ರಿಯನ್ ಚಾಟನ್‌ಗೆ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದಲ್ಲಿ ಎದೆ ಹಿಡಿದಂತಾಗಿ, ಉಸಿರು ಸಿಗದೆ ಗಾಬರಿ ಬಿದ್ದದ್ದೇ ಇದರ ಬೀಜ. ಹಾಡಿನಲ್ಲಿ ಮಾತು ರಪರಪ ಬರುತ್ತದೆ. ಪಲ್ಲದ ಸಾಲು ಮುಗಿದ ಕಡೆ, ಮುಳುಗಿದವನು ನೀರಿನಿಂದ ಮೇಲೆ ಬಂದ ಹಾಗೆ, ಒಂದು ದೊಡ್ಡ ಉಸಿರೆಳೆತ. ಹಾ! ಅಷ್ಟೇ. ಶಬ್ದ ಇಲ್ಲ, ಅರ್ಥ ಇಲ್ಲ.

ಎರಡನೇ ಸಲ ಅದು ಬಂದಾಗ ಹುಡುಗರು ತಿರುಗಿ ನೋಡಿದರು. ಮೂರನೇ ಸಲಕ್ಕೆ ನನ್ನ ತಂಗಿಯ ಮಗ ತಾನೂ ಎಳೆದ. ಆಮೇಲೆ ಕೇಳಬೇಡಿ. ಏಳೆಂಟು ಮಕ್ಕಳು, ಎಲ್ಲರೂ ಸೇರಿ, ಸರಿಯಾದ ಜಾಗಕ್ಕೆ, ಹಾ! ಕಡಲೆ ಹೊಲದಲ್ಲಿದ್ದ ಬೆಳ್ಳಕ್ಕಿ ಎದ್ದು ಹೋದವು. ಕಾಕಾ ಟವೆಲ್ ತೆಗೆದು ಎದ್ದು ಕೂತರು. “ಇದು ನೋಡು. ಈ ಮಗನಿಗೆ ಪಲ್ಲ ಗೊತ್ತದ” ಅಂದರು. ಒಂದು ಇಂಗ್ಲಿಷ್ ಪದ ತಿಳಿಯದೆ ಅವರು ಕೊಟ್ಟ ವಿಮರ್ಶೆ ಅದು. ಪುಣೆಯಲ್ಲಿ ಇದೇ ಹಾಡಿನ ಬಗ್ಗೆ ನಾವು ಮಾತಾಡಿದ್ದು ಏನು? ಹಿಪ್‌ಹಾಪ್ ಪ್ರಭಾವ, ತೊಂಬತ್ತರ ದಶಕದ ಡ್ರಮ್ ಸೌಂಡ್, ಹೊಸ ಪ್ರೊಡ್ಯೂಸರ್. ಆ ಉಸಿರನ್ನು ನಮ್ಮಲ್ಲಿ ಒಬ್ಬರೂ ಎಳೆದು ನೋಡಿರಲಿಲ್ಲ.

ಪುಣೆಯಲ್ಲಿ ಹೊಸ ಹಾಡು ಕೇಳುವ ಪದ್ಧತಿಯೇ ಬೇರೆ. 2010ರಲ್ಲಿ ಎನ್‌ಎಚ್‌7 ವೀಕೆಂಡರ್ ಸಂಗೀತ ಉತ್ಸವ ಶುರುವಾದ ಊರು ಇದು. ರಾಕ್ ಕೇಳುವ ಜನ ಬೇಕಾದಷ್ಟು. ಬಾನೇರಿನಲ್ಲಿ ಒಬ್ಬ ಗೆಳೆಯನ ಫ್ಲ್ಯಾಟಿನಲ್ಲಿ ನಾವು ಸೇರುತ್ತೇವೆ. ಕೈ ಕಟ್ಟಿಕೊಂಡು ಕೂರುತ್ತೇವೆ. ಹಾಡು ನಡುವೆ ಇದ್ದಾಗ ಯಾರಾದರೂ ಚಿಪ್ಸ್ ಪಾಕೀಟು ಒಡೆದರೆ ಹುಬ್ಬು ಏರುತ್ತದೆ. ಇಷ್ಟವಾದರೆ ತಲೆ ಸ್ವಲ್ಪ ಆಡಿಸುವುದು, ಬಹಳ ಇಷ್ಟವಾದರೆ “ವಾ” ಅನ್ನುವುದು. ಜತೆಗೆ ಹಾಡಿದರೆ ಹಾಡು ಕೆಡಿಸಿದ ಹಾಗೆ. ಇದು ಮರಾಠಿಯವರ ಗುಣ ಅಂತ ಹೇಳಲು ಹೋಗಬೇಡಿ. ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೊರಟ ಪಾಲಖಿಗಳು (ಸಂತರ ಪಲ್ಲಕ್ಕಿಗಳು) ಆಳಂದಿ, ದೇಹುವಿನಿಂದ ಬಂದಾಗ ಇದೇ ಪುಣೆಯ ರಸ್ತೆಯಲ್ಲಿ ಸಾವಿರಾರು ಜನ ತಾಳ ಹಿಡಿದು ಒಂದೇ ಸಾಲನ್ನು ಮೈಲಿಗಟ್ಟಲೆ ಹಾಡುತ್ತಾ ನಡೆಯುತ್ತಾರೆ. ನಮ್ಮ ಗೆಳೆಯನೂ ಒಂದು ದಿನ ರಜೆ ಹಾಕಿ ಅವರ ಜತೆ ನಡೆಯುತ್ತಾನೆ. ಹೆಡ್‌ಫೋನ್ ಹಾಕಿದ ಕೂಡಲೇ ನಾವೆಲ್ಲ ಪರೀಕ್ಷೆಯ ಮೇಲ್ವಿಚಾರಕರಾಗಿ ಬಿಡುತ್ತೇವೆ, ಅಷ್ಟೇ.

ಇಬ್ಬರು ಹುಡುಗಿಯರು ಕಟ್ಟಿದ ಇಂಗ್ಲೆಂಡಿನ ವೆಟ್ ಲೆಗ್ ತಂಡದ ‘ಕ್ಯಾಚ್ ದೀಸ್ ಫಿಸ್ಟ್ಸ್’ ಬಗ್ಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ. 2025ರ ಹಾಡು. ಕ್ಲಬ್ಬಿನಲ್ಲಿ ಬೇಡವೆಂದರೂ ಮೈಮೇಲೆ ಬರುವ ಗಂಡಸಿಗೆ ಮುಷ್ಟಿ ತೋರಿಸುವುದು. ಪಿಯುಸಿ ಓದುವ ಕಾಕಾನ ಮೊಮ್ಮಗಳು ಅರ್ಥ ಕೇಳಿದಳು, ಹೇಳಿದೆ. “ಸೂಪರ್ ಮಾರ್ಕೆಟ್ ಬಸ್ ಸ್ಟಾಪಿನಾಗೂ ಇಂಥವರು ಇರ್ತಾರ. ಮಾಮಾ, ಇದನ್ನ ನನಗ ಕಳಸ್ರಿ” ಅಂದಳು. ಕಳಿಸಿದೆ.

ನನಗೆ ಸ್ವಂತಕ್ಕೆ ಹಿಡಿಸಿದ್ದು ಇಂಗ್ಲೆಂಡಿನದೇ ಪಲ್ಪ್ ತಂಡದ ‘ಸ್ಪೈಕ್ ಐಲೆಂಡ್’. ಅವರೂ 24 ವರ್ಷ ಬಿಟ್ಟು 2025ರಲ್ಲಿ ಆಲ್ಬಮ್ ತಂದರು. ಸ್ಪೈಕ್ ಐಲೆಂಡ್ ಇಂಗ್ಲೆಂಡಿನ ಒಂದು ಜಾಗ. 1990ರ ಮೇ ತಿಂಗಳಲ್ಲಿ ದಿ ಸ್ಟೋನ್ ರೋಸಸ್ ತಂಡ ಅಲ್ಲಿ ದೊಡ್ಡ ಕಾರ್ಯಕ್ರಮ ಕೊಟ್ಟಿತ್ತು. ಗಾಳಿಗೆ ಸೌಂಡೇ ಸರಿಯಾಗಿ ಕೇಳಲಿಲ್ಲ ಅಂತ ಹೋದವರೇ ದೂರಿದ್ದರು. ಈಗ ಅವರನ್ನೇ ಆ ದಿನದ ಕಥೆ ಕೇಳಿ ನೋಡಿ, ಪುರಾಣ! ನಮ್ಮ ಶರಣಬಸವೇಶ್ವರ ಜಾತ್ರೆಯ ಕಥೆಗಳೂ ಹೀಗೇ. ಬಿಸಿಲು, ಧೂಳು, ತೇರಿನ ಗದ್ದಲದಲ್ಲಿ ಕಳೆದುಹೋದ ಒಂದು ಕಾಲಿನ ಚಪ್ಪಲಿ. ಇಪ್ಪತ್ತು ವರ್ಷ ಆದಮೇಲೆ ಆ ಚಪ್ಪಲಿಯೇ ಕಥೆಯ ನಾಯಕ. ಪಲ್ಪಿನವರ ಹಾಡಿನಲ್ಲಿ ನಗು ಇದೆ, ಕುಣಿತ ಇದೆ, ವಯಸ್ಸಾದದ್ದನ್ನು ಮುಚ್ಚಿಡುವ ಹಟ ಇಲ್ಲ. ಕಾಕಾ ಇದಕ್ಕೂ ತಾಳ ಹಾಕಿದರು, ಎರಡು ಕಡೆ ಡ್ರಮ್ಮಿನವನಿಗಿಂತ ಮುಂದೆ ಹೋದರು.

ಹಾಗಂತ ‘ಅಲೋನ್’ ಸೋತಿತು ಅಂತ ನಾನು ಒಪ್ಪುವುದಿಲ್ಲ. ಅವತ್ತು ರಾತ್ರಿ ಮಾಳಿಗೆ ಮೇಲೆ ಒಬ್ಬನೇ ಮಲಗಿ ಮತ್ತೆ ಕೇಳಿದೆ. ಅಮಾವಾಸ್ಯೆ, ಕತ್ತಲೆ, ಚಳಿ. ಆ ಮೂರು ನಿಮಿಷ ಬೇಕೇ ಬೇಕು ಅನ್ನಿಸಿತು. ಸಾವಿನ ಬಗ್ಗೆ ಹಾಡುವ ಮನುಷ್ಯ ಬಂದ ಕೂಡಲೇ ಬಾಯಿ ತೆರೆಯಲಾರ. ನಮ್ಮ ಅಂಗಳದಲ್ಲಿ ಇಂಥ ಹಾಡಿಗೆ ಜಾಗ ಇಲ್ಲ, ಅದು ನಮ್ಮ ಕೊರತೆ. ನಾವು ಮೌನ ತಡೆಯುವುದಿಲ್ಲ. ಎರಡು ನಿಮಿಷ ಯಾರೂ ಮಾತಾಡದಿದ್ದರೆ ಚಹಾ ಇಡುತ್ತೇವೆ. ಮೆರವಣಿಗೆಯ ಡಿಜೆ ಬಾಕ್ಸುಗಳ ಮುಂದೆ ಎದೆ ಅದುರಿಸಿಕೊಂಡು ಬೆಳೆಯುವ ಹುಡುಗರಿಗೆ ಮೆಲ್ಲಗೆ ಏರುವ ಗಿಟಾರು ಕೇಳಿಸುವುದಾದರೂ ಹೇಗೆ?

ಇನ್ನೊಂದು ಹಳೇ ಸಿಟ್ಟು ಇದೆ, ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ನಾವು ಮೂವರು ಸೇರಿ ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ಗಿಟಾರ್ ತಂದಿದ್ದೆವು. ಗ್ಯಾದರಿಂಗಿನಲ್ಲಿ ಮಡಿವಾಳಪ್ಪನವರ ಒಂದು ಪದವನ್ನು ಗಿಟಾರಿಗೆ ಕೂಡಿಸಿ ಹಾಡಲು ನಿಂತೆವು. ಎರಡನೇ ನುಡಿಗೆ ಮೈಕ್ ಬಂದ್. ಕರೆಂಟ್ ಹೋಗಿರಲಿಲ್ಲ. ‘ದೇವರ ಪದ ಹಿಂಗ ಹಾಡಬಾರದು’ ಅಂತ ಮೇಷ್ಟ್ರು ಒಬ್ಬರು ತೆಗೆಸಿದ್ದರು. ಮಡಿವಾಳಪ್ಪನವರು ತಮ್ಮ ಕಾಲದ ಮಡಿವಂತರಿಗೆ ಹಾಡಿನಲ್ಲೇ ಚಾಟಿ ಬೀಸಿದವರು. ಚೆನ್ನೂರಿನ ಜಲಾಲಸಾಹೇಬರಂಥವರು ಅವರ ಶಿಷ್ಯರು. ಅವರಿಗಿಂತ ದೊಡ್ಡ ಆಲ್ಟರ್ನೇಟಿವ್ ಯಾರು? ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ತಂದಾಗ ಬೆಂಗಳೂರೂ ಕುಣಿಯಿತು, ಪುಣೆಯ ನಮ್ಮ ಗೆಳೆಯರೂ ಅರ್ಥ ಕೇಳಿದರು. ಕಡಕೋಳದ ಪದಗಳಿಗೆ ಅಂಥ ಹುಡುಗರು ನಮ್ಮ ಕಲಬುರಗಿಯಲ್ಲೇ, ನಮ್ಮ ಮಾತಿನಲ್ಲೇ ಹುಟ್ಟಲಿ ಅಂತ ನನಗೆ ಆಸೆ. ಗಿಟಾರ್ ಇನ್ನೂ ಅಟ್ಟದ ಮೇಲಿದೆ. ತಂತಿ ಇಲ್ಲ.

ಪುಣೆಗೆ ವಾಪಸ್ ಬಂದು ವಾರ ಆಗಿತ್ತು. ಹಿಂಜೆವಾಡಿಯ ಟ್ರಾಫಿಕ್ಕಿನಲ್ಲಿ ಕಂಪನಿ ಬಸ್ಸು ಮುಕ್ಕಾಲು ಗಂಟೆಯಿಂದ ನಿಂತಲ್ಲೇ ನಿಂತಿತ್ತು. ಎಲ್ಲರ ಕಿವಿಯಲ್ಲೂ ಹೆಡ್‌ಫೋನು, ಯಾರ ತುಟಿಯೂ ಅಲುಗುತ್ತಿರಲಿಲ್ಲ. ನನ್ನ ಕಿವಿಯಲ್ಲಿ ‘ಸ್ಟಾರ್‌ಬರ್ಸ್ಟರ್’. ಪಲ್ಲ ಬಂತು. ನನಗೆ ಗೊತ್ತಿಲ್ಲದೆ, ಸರಿಯಾದ ಜಾಗಕ್ಕೆ, ಜೋರಾಗಿ ಉಸಿರೆಳೆದೆ.

ಪಕ್ಕದ ಸೀಟಿನವರು ಗಾಬರಿಯಾಗಿ ನೀರಿನ ಬಾಟಲಿ ಮುಂದೆ ಹಿಡಿದರು.